ಹತ್ತು ಜನರ ಸೆಕ್ಷನ್‌ನಾಗ ನಂಬಿಗಿ ಹ್ಯಾಂಗ ಹುಟ್ತದ? ಕಲಬುರಗಿ ಹುಡುಗರ ತಯಾರಿಗೆ ಬೇಕಾಗ್ಯದ (ಪ್ರತಿ ಮಾತಿನ ಮ್ಯಾಲಿರೋದು ಬರದವರ ಅಡ್ಡಹೆಸರು)

ಆಳಂದ ನಾಕಾ

ಕಲಬುರಗಿ, ಯಾದಗಿರಿ, ಬೀದರ ಹುಡುಗರು ಸೈನ್ಯದ ಭರ್ತಿಗೆ ಬೆಳಗಾವಿ ಕಚೇರಿ ವ್ಯಾಪ್ತಿಗೆ ಬರ್ತಾರ. ರ‍್ಯಾಲಿಗೆ ಬೇಕಾದ 1.6 ಕಿ.ಮೀ. ಓಟ, ಪುಲ್ ಅಪ್, 9 ಅಡಿ ಹಳ್ಳ ಜಿಗಿಯೋದು, ಅಂಕುಡೊಂಕು ತೊಲಿ ಮ್ಯಾಲ ನಡೆಯೋದು, ಇವನ್ನ ಈಗ ಊರೂರಿಗೆ ಕಲಸ್ತಾರ. ಆದ್ರ ಈ ನಾಲ್ಕೂ ಒಬ್ಬನೇ ಮಾಡೋ ಕೆಲಸ. ಭರ್ತಿ ಆದ ಮ್ಯಾಲ ಒಬ್ಬನೇ ಮಾಡೋ ಕೆಲಸ ಅನ್ನೋದು ಉಳಿಯಂಗೇ ಇಲ್ಲ. ಪಹರೆ, ಅಡಗಿ, ಗಸ್ತು, ಬಂದೂಕು ಸ್ವಚ್ಛ ಮಾಡೋದು, ಎಲ್ಲಾ ಇನ್ನೊಬ್ಬನ ಜೋಡಿ.

ನಾವು ತಯಾರಿ ಮಾಡ್ಸೋ ಬ್ಯಾಚ್ 20 ಹುಡುಗರದು. ಬೆಳಿಗ್ಗೆ ದೀಡ್ ತಾಸು, ಆರು ವಾರ. ಜಾಗ ಚಂದ್ರಶೇಖರ ಪಾಟೀಲ ಕ್ರೀಡಾಂಗಣ, ಆಗಾಗ ಅಪ್ಪನ ಕೆರಿ ದಂಡಿ. ಜೊತೆಗಾರಿಕೆ ಬಗ್ಗೆ ಭಾಷಣ ಬ್ಯಾಡ್ರಿ. ಏನ್ ಮಾಡ್ಸಬೇಕು, ಎಷ್ಟು ಹೊತ್ತು, ಎಲ್ಲಿ ಕೆಡ್ತದ, ಅಷ್ಟು ಹೇಳ್ರಿ.

ಸುರಪುರ ಗುಡ್ಡ

ಬಡ್ಡಿ (buddy, ಜೊತೆಗಾರ) ಜೋಡಿಯಿಂದ ಶುರು ಮಾಡಿ. ಪದಾತಿ ದಳದ ಸೆಕ್ಷನ್ ಎಂದರೆ 10 ಜನ, ಹವಾಲ್ದಾರ್ ಅದರ ಕಮಾಂಡರ್. ಮೂರು ಸೆಕ್ಷನ್ ಸೇರಿ ಪ್ಲಟೂನ್, ಮೂರು ಪ್ಲಟೂನ್ ಸೇರಿ ಕಂಪನಿ. ಸಿಪಾಯಿ ದಿನಾ ನೋಡುವುದು ಈ ಹತ್ತೇ ಮುಖ. ಅದರೊಳಗೂ ಇಬ್ಬಿಬ್ಬರನ್ನು ಜೋಡಿ ಕಟ್ಟಿರುತ್ತಾರೆ. ಒಬ್ಬ ಮುಂದೆ ಸರಿದರೆ ಇನ್ನೊಬ್ಬ ಗುಂಡಿನ ಆಸರೆ ಕೊಡುತ್ತಾನೆ. ಒಬ್ಬ ಮಲಗಿದರೆ ಇನ್ನೊಬ್ಬ ಎಚ್ಚರ.

ನಿಮ್ಮ 20 ಹುಡುಗರಿಗೆ 10 ಜೋಡಿ, ಎರಡು ಸೆಕ್ಷನ್. ಜೋಡಿಯನ್ನು ಅವರೇ ಆರಿಸಿಕೊಳ್ಳಲು ಬಿಡಬೇಡಿ. ಅಫಜಲಪುರದ ಇಬ್ಬರು ಕೂಡಿದರೆ ಅವರದೇ ಒಂದು ನಡುಗಡ್ಡೆ ಆಗುತ್ತದೆ, ಮೂರನೆಯವನ ಜೊತೆ ಮಾತಾಡುವ ಅಗತ್ಯವೇ ಅವರಿಗೆ ಬೀಳುವುದಿಲ್ಲ. ತಾಲ್ಲೂಕು ಬೇರೆ, ಮನೆ ಮಾತು ಬೇರೆ, ಓಟದ ವೇಗ ಬೇರೆ ಇರುವವರನ್ನು ಕೂಡಿಸಿ, ಮೂರು ವಾರ ಬದಲಿಸಬೇಡಿ. ವಾರಕ್ಕೊಮ್ಮೆ ಬದಲಿಸಿದರೆ ಒಬ್ಬನ ಓರೆಕೋರೆ ಇನ್ನೊಬ್ಬನಿಗೆ ತಿಳಿಯುವ ಮೊದಲೇ ಜೋಡಿ ಮುರಿದಿರುತ್ತದೆ.

ದಿನಾ ಮೊದಲ ಐದು ನಿಮಿಷ ತಪಾಸಣೆ. ಅವನ ಬೂಟಿನ ಲೇಸು ಇವನು ಎಳೆದು ನೋಡಬೇಕು. ನೀರಿನ ಬಾಟಲಿ ಕಂಠಮಟ್ಟ ತುಂಬಿರಬೇಕು, ಏಕೆಂದರೆ ಅರ್ಧ ತುಂಬಿದ ಬಾಟಲಿ ರಾತ್ರಿ ಗಸ್ತಿನಲ್ಲಿ ಗುಳುಗುಳು ಎಂದು ಜಾಗ ತೋರಿಸಿಕೊಡುತ್ತದೆ. ಗಾಯದ ಪಟ್ಟಿ ಎಲ್ಲರದೂ ಒಂದೇ ಜೇಬಿನಲ್ಲಿ ಇರಬೇಕು. ಕೊನೆಗೆ ಅವನನ್ನು ನಿಂತಲ್ಲೇ ಎರಡು ಸಲ ಜಿಗಿಸಿ ಕಿವಿಗೊಡಬೇಕು. ಬಕಲ್, ನಾಣ್ಯ, ಬೀಗದ ಕೈ, ಏನು ಸದ್ದು ಮಾಡಿದರೂ ಅಲ್ಲೇ ಕಟ್ಟಿಸಬೇಕು.

ಕೆಡುವುದು ಎಲ್ಲಿ ಎಂದರೆ, ಹತ್ತು ದಿನ ಕಳೆದ ಮೇಲೆ ಮುಟ್ಟಿ ನೋಡುವುದು ನಿಂತು ಬರೀ "ಠೀಕ್ ಹೈ" ಉಳಿಯುತ್ತದೆ. ಅದಕ್ಕೆ ಮದ್ದು ಇದೆ: ಒಬ್ಬನ ಚೀಲದಿಂದ ಒಂದು ಸಾಮಾನು ಮೊದಲೇ ತೆಗೆಸಿಡಿ, ತಪಾಸಣೆ ಮುಗಿದ ಮೇಲೆ ಏನಿಲ್ಲ ಎಂದು ಚೀಲದ ಒಡೆಯನನ್ನಲ್ಲ, ಅವನ ಜೋಡಿಯನ್ನು ಕೇಳಿ.

ತೊಗರಿ ಹೊಲ

ಸುರಪುರದವರು ಹೇಳಿದ್ದು ಖರೇ. ಅದಕ್ಕ ಪಹರೆ ಕೂಡಸ್ರಿ. ನಂಬಿಗಿ ಕೆಡೋದೂ ಅಲ್ಲೇ, ಕೂಡೋದೂ ಅಲ್ಲೇ.

ಪಹರೆ ಸಾಮಾನ್ಯವಾಗಿ ಎರಡು ತಾಸಿಂದು. ಬದಲಿ ಆಗೋನನ್ನ ಹತ್ತು ನಿಮಿಷ ಮೊದಲೇ ಎಬ್ಬಸಬೇಕು. ಮುಖಕ್ಕ ಟಾರ್ಚ್ ಹಾಕಬಾರ್ದು, ಹೆಸರು ಕೂಗಬಾರ್ದು, ಕಾಲು ಮುಟ್ಟಿ ಎಬ್ಬಸಬೇಕು. ಕತ್ತಲಿಗೆ ಕಣ್ಣು ಪೂರಾ ಹೊಂದಕೊಳ್ಳಾಕ 20 ರಿಂದ 30 ನಿಮಿಷ ಬೇಕು. ಅದಕ್ಕ ಹಳೇ ಪಹರೆಯವ ತಟ್ಟನ ಎದ್ದು ಹೋಗಬಾರ್ದು. ಸ್ವಲ್ಪ ಹೊತ್ತು ಕೂಡ ನಿಂತು, ಎಲ್ಲಿ ಏನ್ ಸದ್ದಾಯ್ತು, ಯಾವ ಗಿಡ ಗಾಳಿಗೆ ಮನಷ್ಯಾನಂಗ ಕಾಣ್ತದ, ಅದನ್ನೂ ಹೇಳಿ ಹೋಗಬೇಕು.

ಐದು ನಿಮಿಷ ತಡ ಮಾಡಿ ಬಂದವ ಜೋಡಿಯವನ ನಿದ್ದಿ ಐದು ನಿಮಿಷ ಕದ್ದಂಗ. ಮೂರು ಸಲ ಹಂಗಾದ್ರ ಅಂವನ ಮಾತಿಗೆ ಕಿಮ್ಮತ್ತು ಉಳಿಯಂಗಿಲ್ಲ, ಗುಂಡಿನ ಗುರಿ ಎಷ್ಟೇ ಚಲೋ ಇರ್ಲಿ. ನಿಮ್ಮ ಬ್ಯಾಚಿಗೆ ವಾರಕ್ಕೊಂದು ರಾತ್ರಿ ಶಿಬಿರ ಇಡ್ರಿ. ರಾತ್ರಿ 10 ರಿಂದ ಮುಂಜಾನಿ 4 ತನಕ, ಒಂದೊಂದು ತಾಸಿನ ಪಾಳಿ. ಬರೋದು ಹೋಗೋದು ಒಂದು ವಹಿಯೊಳಗ ಬರೀಲಿ, ಸಹಿ ಹಾಕಲಿ. ಆರು ವಾರದ ವಹಿ ನೋಡಿದ್ರ ಯಾರ ಮ್ಯಾಲ ಭಾರ ಹಾಕಬಹುದು ಅಂತ ತಾನೇ ಗೊತ್ತಾಗ್ತದ.

ಬಿದ್ರಿ ಕೆಲಸ

ಬೀದರ ಕಡೆಯಿಂದ ಒಂದು ಉದಾಹರಣೆ. ವಾಯುಪಡೆಯ ಸೂರ್ಯಕಿರಣ ವೈಮಾನಿಕ ಪ್ರದರ್ಶನ ತಂಡ ಹುಟ್ಟಿದ್ದು 1996ರಲ್ಲಿ, ಬೀದರ ನೆಲೆಯಲ್ಲೇ. ಮೊದಲು ಎಚ್‌ಎಎಲ್‌ನ ಕಿರಣ್ ಮಾರ್ಕ್ 2 ವಿಮಾನಗಳು. 2011ರಲ್ಲಿ ಅವು ನಿಂತವು, 2015ರಲ್ಲಿ ಹಾಕ್ ವಿಮಾನದ ಮೇಲೆ ತಂಡ ಮತ್ತೆ ಎದ್ದಿತು. ಒಂಬತ್ತು ವಿಮಾನಗಳ ವ್ಯೂಹದಲ್ಲಿ ರೆಕ್ಕೆ ರೆಕ್ಕೆಗಳ ನಡುವೆ ಸುಮಾರು ಐದು ಮೀಟರ್. ಪಕ್ಕದ ವಿಮಾನದ ಪೈಲಟ್ ನೆಲ ನೋಡುವುದಿಲ್ಲ, ದಿಗಂತ ನೋಡುವುದಿಲ್ಲ. ಪಕ್ಕದವನ ವಿಮಾನದ ಮೈಮೇಲಿನ ಎರಡು ಗುರುತು ಒಂದೇ ಗೆರೆಯಲ್ಲಿ ಕೂಡಿರುವ ಹಾಗೆ ತನ್ನ ವಿಮಾನ ಹಿಡಿದಿರುತ್ತಾನೆ. ನೆಲ ಎಷ್ಟು ದೂರ ಎಂಬ ಲೆಕ್ಕ ಪೂರಾ ಲೀಡರ್‌ಗೆ ಬಿಟ್ಟಿದ್ದು.

ಇಂಥ ನಂಬಿಕೆ ಒಂದೇ ದಿನಕ್ಕೆ ಬರುವುದಲ್ಲ. ಮೊದಲು ಎತ್ತರದಲ್ಲಿ ಎರಡೇ ವಿಮಾನ. ಅದು ಪಕ್ಕಾ ಆದ ಮೇಲೆ ಮೂರು, ನಾಲ್ಕು, ಹಾಗೆ ಕೂಡಿಸುತ್ತಾ ಒಂಬತ್ತಕ್ಕೆ ಹೋಗಬೇಕು, ಎತ್ತರವನ್ನೂ ಹಂತ ಹಂತವಾಗಿ ಇಳಿಸಬೇಕು. ಪ್ರತಿಯೊಬ್ಬನಿಗೂ ಜಾಗ ಗೊತ್ತುಮಾಡಿರುತ್ತಾರೆ.

ಹುಡುಗರಿಗೆ ಇದರಿಂದ ಬೇಕಾದದ್ದು ಇಳಿದ ಮೇಲಿನ ಡಿಬ್ರೀಫ್. ಹಾರಾಟ ಮುಗಿದ ಕೂಡಲೇ ಎಲ್ಲರೂ ಕೂತು ತಪ್ಪು ಬಿಚ್ಚಿಡುತ್ತಾರೆ. ತಾನು ಎರಡು ಮೀಟರ್ ಒಳಗೆ ಬಂದಿದ್ದೆ ಎಂದು ಪೈಲಟ್ ತಾನೇ ಮೊದಲು ಹೇಳಬೇಕು. ಬೇರೆಯವರು ಹೇಳುವ ತನಕ ಸುಮ್ಮನಿದ್ದವನ ಪಕ್ಕ ಮಾರನೆಯ ದಿನ ಐದು ಮೀಟರ್‌ನಲ್ಲಿ ಹಾರುವುದು ಹೇಗೆ?

ಆಳಂದ ನಾಕಾ

ತಪ್ಪು ತಾನೇ ಹೇಳೋದು, ಇದನ್ನ ನೆಲದ ಮ್ಯಾಲ ಹ್ಯಾಂಗ ಮಾಡ್ಸೋದ್ರಿ? ಹುಡುಗರನ್ನ ಕೂಡಿಸಿ ಕೇಳಿದ್ರ ಎಲ್ಲರೂ "ಚಲೋ ಆಯ್ತು ಸರ್" ಅಂತಾರ.

ಬಿದ್ರಿ ಕೆಲಸ

ಕೆಲಸ ಮುಗಿದ ಹದಿನೈದು ನಿಮಿಷದೊಳಗೆ, ಬೆವರು ಆರುವ ಮುಂಚೆ ಗೋಲಾಗಿ ಕೂಡಿಸಿ. ನಾಲ್ಕೇ ಪ್ರಶ್ನೆ ಕೇಳಿ. ಏನು ಮಾಡಬೇಕೆಂದು ಹೊರಟಿದ್ದೆವು? ನಿಜವಾಗಿ ಏನಾಯಿತು? ಯಾಕೆ ಹಾಗಾಯಿತು? ನಾಳೆ ಯಾವ ಒಂದು ಸಂಗತಿ ಬದಲಿಸೋಣ? ಅಮೆರಿಕದ ಸೈನ್ಯ ತನ್ನ ತರಬೇತಿಯಲ್ಲಿ ಇದನ್ನೇ ದಶಕಗಳಿಂದ ಗಟ್ಟಿ ಮಾಡಿಕೊಂಡು ಬಂದಿದೆ, ಈಗ ಬಹಳ ಸೈನ್ಯಗಳಲ್ಲಿ ಇದೇ ಪದ್ಧತಿ.

ಎಲ್ಲರಿಗಿಂತ ಚಿಕ್ಕವನು ಮೊದಲು ಮಾತಾಡಲಿ. ಹಿರಿಯ ಮೊದಲು ಬಾಯಿಬಿಟ್ಟರೆ ಉಳಿದವರು ಅದನ್ನೇ ತಿರುಗಿಸಿ ಹೇಳುತ್ತಾರೆ. ಆದರೆ ತಪ್ಪು ಒಪ್ಪಿಕೊಳ್ಳುವ ಸರದಿ ಬಂದಾಗ ಉಸ್ತಾದನೇ ಮೊದಲು. "ಶಿಳ್ಳೆ ತಡವಾಗಿ ಊದಿದೆ, ಅದಕ್ಕೇ ಎರಡನೇ ಸೆಕ್ಷನ್ ಹಿಂದೆ ಬಿತ್ತು" ಎಂದು ಅವನು ಹೇಳಿದ ದಿನ ಹುಡುಗರ ಬಾಯಿ ಬಿಚ್ಚುತ್ತದೆ. ಅಲ್ಲಿ ಹೇಳಿದ ತಪ್ಪಿಗೆ ಶಿಕ್ಷೆ ಕೊಟ್ಟಿರೋ, ಮರುದಿನದಿಂದ ಎಲ್ಲರೂ ಮತ್ತೆ "ಚಲೋ ಆಯ್ತು ಸರ್".

ಶಹಾಪುರ ಕೆರೆ

ಶಿಕ್ಷೆಯ ಮಾತು ಬಂತಲ್ಲ, ರಗಡಾ (ಮೈ ದಂಡಿಸುವ ಶಿಕ್ಷೆ) ಬಗ್ಗೆಯೂ ಹೇಳಿಬಿಡಿ. ಒಬ್ಬನ ತಪ್ಪಿಗೆ ಇಡೀ ಪ್ಲಟೂನ್‌ಗೆ ಫ್ರಂಟ್ ರೋಲ್ ಹೊಡೆಸುವುದು ಒಗ್ಗಟ್ಟು ತರುತ್ತದೆ ಎಂಬ ಮಾತು ಬಹಳ ಹಳೆಯದು. ಕಷ್ಟ ಕೂಡಿ ಉಂಡವರೇ ಹತ್ತಿರ ಆಗುತ್ತಾರೆ ಎಂಬುದೂ ಸುಳ್ಳಲ್ಲ.

ತೊಗರಿ ಹೊಲ

ಅರ್ಧ ಒಪ್ತೀನ್ರಿ. ಕೆಲಸನೇ ಹತ್ತು ಜನ ಸೇರಿ ಮಾಡೋದಿದ್ದು, ಹತ್ತೂ ಜನ ಕೂಡಿ ಕೆಡಸಿದ್ರ, ಹತ್ತೂ ಜನ ಮತ್ತೊಮ್ಮೆ ಮಾಡ್ಲಿ. ಅದು ಶಿಕ್ಷಾನೇ ಅಲ್ಲ, ಅಭ್ಯಾಸ. ಆದ್ರ ಒಬ್ಬ ಶೇವಿಂಗ್ ಮಾಡಲಾರದ ಬಂದದ್ದಕ್ಕ ಉಳಿದ 19 ಮಂದಿ ಉಳ್ಳಾಡಿದ್ರ, ರಾತ್ರಿ ಬ್ಯಾರಕ್‌ನಾಗ ಅಂವನ ಗತಿ ಏನಾಗ್ತದ? ಅಂವ ಮುಂದಿನ ಸಲ ತಪ್ಪು ಮಾಡೋದು ಬಿಡಂಗಿಲ್ಲ, ಮುಚ್ಚಿಡೋದು ಕಲೀತಾನ. ಮುಚ್ಚಿಡೋದಕ್ಕ ಕೆಲವರು ದೋಸ್ತಿ ಅಂತ ಹೆಸರಿಡ್ತಾರ. ಜೋಡಿಯವನ ಬಂದೂಕಿನ ದೋಷ ಮುಚ್ಚಿದವ ದೋಸ್ತ ಅಲ್ಲ.

ಸುರಪುರ ಗುಡ್ಡ

ಒಪ್ಪಿದೆ. ಎತ್ತರದ ಪ್ರದೇಶದಲ್ಲಿ ಇದು ಜೀವದ ಪ್ರಶ್ನೆ. 9,000 ಅಡಿ ದಾಟಿದ ಮೇಲೆ ದೇಹ ಹೊಂದಿಕೊಳ್ಳಲು ನಮ್ಮ ಸೈನ್ಯದಲ್ಲಿ ಮೂರು ಹಂತ: 12,000 ಅಡಿಯವರೆಗೆ ಆರು ದಿನ, 15,000 ಅಡಿಯವರೆಗೆ ನಾಲ್ಕು ದಿನ, ಅದರ ಮೇಲೆ ಮತ್ತೆ ನಾಲ್ಕು ದಿನ. ಆ ದಿನಗಳಲ್ಲಿ ಒಣಕೆಮ್ಮು, ತಲೆನೋವು, ಕೂತಲ್ಲೇ ಏದುಸಿರು ಬಂದರೆ ಹೇಳಿಬಿಡಬೇಕು. ಹುಡುಗರು ಹೇಳುವುದಿಲ್ಲ, ಹಿಂದೆ ಕಳಿಸಿಯಾರು, ಹೇಡಿ ಅಂದಾರು ಎಂಬ ಅಂಜಿಕೆ. ಶ್ವಾಸಕೋಶದಲ್ಲಿ ನೀರು ತುಂಬಲು ಒಂದು ರಾತ್ರಿ ಸಾಕು.

ಅದಕ್ಕೇ ಜೋಡಿ ಬೇಕು. ಹಿಮ್ಮಡಿಗೆ ತುದಿಗಾಲು ತಾಗಿಸಿ ಒಂದು ಗೆರೆ ಮೇಲೆ ನಡೆಸಿ ನೋಡುತ್ತಾನೆ. ಓಲಾಡಿದರೆ ಮಿದುಳಿಗೆ ತೊಂದರೆ ಮುಟ್ಟಿದೆ, ಅವನನ್ನು ತಡಮಾಡದೆ ಕೆಳಗೆ ಇಳಿಸಲೇಬೇಕು. ಮೂಗು, ಕೆನ್ನೆ, ಕಿವಿ ತುದಿಯಲ್ಲಿ ಬಿಳಿಚಿದ ಕಲೆ ಕಂಡರೆ ಹಿಮಗಡಿತದ ಶುರು. ಅದು ಕನ್ನಡಿ ಇಲ್ಲದವನಿಗೆ ಕಾಣುವುದಿಲ್ಲ, ಜೋಡಿಗೆ ಮಾತ್ರ ಕಾಣುತ್ತದೆ.

2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್‌ನ ಹತ್ತು ಜನ ಹೂತುಹೋದರು. ಆರನೇ ದಿನ, ಸುಮಾರು 25 ಅಡಿ ಹಿಮದ ಕೆಳಗಿನಿಂದ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕರು, ಫೆಬ್ರುವರಿ 11ರಂದು ತೀರಿಕೊಂಡರು. ಸುಮಾರು 19,600 ಅಡಿ ಎತ್ತರದಲ್ಲಿ, ಕಲ್ಲಿನಂಥ ಮಂಜುಗಡ್ಡೆಯನ್ನು ಅಷ್ಟು ದಿನ ಕೊರೆಯುತ್ತಲೇ ಇದ್ದರು. ಯಾರನ್ನೂ ಅಲ್ಲೇ ಬಿಟ್ಟು ಬರುವುದಿಲ್ಲ ಎಂಬುದು ಪಲ್ಟನ್‌ನಲ್ಲಿ (ಬೆಟಾಲಿಯನ್ನಿನಲ್ಲಿ) ಬಾಯಿಮಾತಲ್ಲ.

ಬಿದ್ರಿ ಕೆಲಸ

ಕಲಬುರಗಿಯಲ್ಲಿ ಹಿಮ ಇಲ್ಲ, ಬಿಸಿಲಿದೆ. ಏಪ್ರಿಲ್, ಮೇನಲ್ಲಿ 42 ಡಿಗ್ರಿ ದಾಟುವ ಊರು. ಅದೇ ತಪಾಸಣೆ ಇಲ್ಲಿ ಬಿಸಿಲಿಗೆ ಕಲಿಸಿ. ಓಡುತ್ತಿದ್ದವನು ಮಾತು ತೊದಲಿದರೆ, ಕೇಳಿದ್ದಕ್ಕೆ ಅಡ್ಡಾದಿಡ್ಡಿ ಉತ್ತರ ಕೊಟ್ಟರೆ, ಸುಮ್ಮಸುಮ್ಮನೆ ಸಿಟ್ಟಾದರೆ, ಜೋಡಿ ಅವನನ್ನು ಅಲ್ಲೇ ನಿಲ್ಲಿಸಬೇಕು. ಬೆವರು ಬರುತ್ತಿದೆ ಎಂದು ಧೈರ್ಯ ಮಾಡಬೇಡಿ, ಶ್ರಮದಿಂದ ಆಗುವ ಬಿಸಿಲಾಘಾತದಲ್ಲಿ ಬೆವರು ಇರುತ್ತದೆ. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಮೈತುಂಬ ತಣ್ಣೀರು ಸುರಿದು ಗಾಳಿ ಹಾಕಿ. ಇದು ನಡೆಯುತ್ತಿರುವಾಗಲೇ 108ಕ್ಕೆ ಫೋನ್ ಹೋಗಲಿ, ಆದರೆ ಗಾಡಿ ಬರಲಿ ಎಂದು ತಣಿಸುವುದನ್ನು ನಿಲ್ಲಿಸಬೇಡಿ. ತೊದಲುವವನ ಬಾಯಿಗೆ ನೀರು ಹಾಕಬೇಡಿ, ಉಸಿರುನಾಳಕ್ಕೆ ಹೋಗುತ್ತದೆ.

ಗಾಯಕ್ಕೂ ಒಂದು ನಿಯಮ ಇದೆ: ಗಾಯಗೊಂಡವನಿಗೆ ಅವನದೇ ಪಟ್ಟಿ ಕಟ್ಟಬೇಕು. ನಿಮ್ಮದನ್ನು ಅವನಿಗೆ ಬಳಸಿದರೆ ಮುಂದೆ ನಿಮಗೆ ಗಾಯವಾದಾಗ ಯಾರ ಹತ್ತಿರವೂ ಇರುವುದಿಲ್ಲ. ಎಲ್ಲರದೂ ಒಂದೇ ಜೇಬಿನಲ್ಲಿ ಇರಬೇಕು ಎನ್ನುವುದು ಅದಕ್ಕೇ, ಕತ್ತಲಲ್ಲೂ ಕೈ ನೇರ ಅಲ್ಲಿಗೇ ಹೋಗಬೇಕು. ಕಣ್ಣು ಕಟ್ಟಿಕೊಂಡು ಜೋಡಿಯ ಜೇಬಿಂದ ಪಟ್ಟಿ ತೆಗೆದು ತೋಳಿಗೆ ಕಟ್ಟುವುದು, ಒಂದು ನಿಮಿಷ. ದಿನಾ ಎರಡು ಸಲ.

ಶಹಾಪುರ ಕೆರೆ

ಊಟವನ್ನು ಎಲ್ಲರೂ ಮರೆತಿರಿ. ಪಲ್ಟನ್‌ನಲ್ಲಿ ಅಡುಗೆಮನೆಯ ಹೆಸರೇ ಲಂಗರ್. ನಮ್ಮ ಭಾಗದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ, ಬೀದರದ ಗುರುದ್ವಾರ ನಾನಕ್ ಝೀರಾ ಸಾಹಿಬ್‌ನಲ್ಲಿ ನೆಲದ ಮೇಲೆ ಸಾಲಾಗಿ ಕೂತು ಉಂಡವರಿಗೆ ಗೊತ್ತು. ಗುರು ಗೋವಿಂದಸಿಂಗರ ಐವರು ಪ್ರಿಯರಲ್ಲಿ (ಪಂಜ್ ಪ್ಯಾರೆ, ಮೊದಲು ಖಾಲ್ಸಾ ದೀಕ್ಷೆ ಪಡೆದವರು) ಭಾಯಿ ಸಾಹಿಬ್ ಸಿಂಗ್ ಬೀದರದವರು. ಕಲಬುರಗಿ ಶರಣಬಸವೇಶ್ವರರ ದಾಸೋಹವೂ ಕಣ್ಣೆದುರೇ ಇದೆ. ಬಡಾಖಾನಾ ದಿನ ಅಧಿಕಾರಿಗಳು, ಜೆಸಿಒಗಳು (ಸುಬೇದಾರ್ ದರ್ಜೆಯ ಕಿರಿಯ ಅಧಿಕಾರಿಗಳು), ಜವಾನರು ಒಂದೇ ಊಟ ಒಟ್ಟಿಗೆ ಮಾಡುತ್ತಾರೆ. ಅಧಿಕಾರಿ ಲಂಗರ್‌ಗೆ ಹೋಗಿ ರುಚಿ ನೋಡುವುದೂ ದಿನಚರಿಯ ಭಾಗ. 1932ರಲ್ಲಿ ಡೆಹ್ರಾಡೂನ್ ಸೇನಾ ಅಕಾಡೆಮಿ ಉದ್ಘಾಟನೆಯಲ್ಲಿ ಆಗಿನ ಸೇನಾ ಮುಖ್ಯಸ್ಥ ಚೆಟ್‌ವುಡ್ ಹೇಳಿದ ಕ್ರಮವೂ ಇದೇ: ಮೊದಲು ದೇಶ, ಆಮೇಲೆ ಕೈಕೆಳಗಿನ ಜವಾನರು, ಕೊನೆಗೆ ತನ್ನ ಸುಖ.

ನಿಮ್ಮ ಬ್ಯಾಚಿನಲ್ಲಿ ವಾರಕ್ಕೊಮ್ಮೆ ಮನೆಯ ಬುತ್ತಿ ತರಿಸಿ, ಎಲ್ಲಾ ಒಂದೇ ಬಟ್ಟೆ ಮೇಲೆ ಬಿಚ್ಚಿಸಿ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯೆ ಯಾರ ಮನೆಯದು ಎಂದು ಗೊತ್ತಾಗದ ಹಾಗೆ ಕೂಡಿಸಿ. ಬಡಿಸುವ ಪಾಳಿ ಇರಲಿ, ಬಡಿಸಿದವನು ಕೊನೆಗೆ ಉಣ್ಣಲಿ. ಯಾರು ಯಾರ ಪಕ್ಕ ಕೂರಲು ಹಿಂಜರಿಯುತ್ತಾರೆ ಎಂಬುದನ್ನು ಉಸ್ತಾದ್ ಆ ಹೊತ್ತಿಗೆ ಕಣ್ಣಿಟ್ಟು ನೋಡಬೇಕು. ಮೈದಾನದಲ್ಲಿ ಕಾಣದ್ದು ಅಲ್ಲಿ ಕಾಣುತ್ತದೆ. ಕಂಡರೆ ಆ ಇಬ್ಬರನ್ನೇ ಮುಂದಿನ ಜೋಡಿ ಮಾಡಿ.

ಭಾಷೆಯ ಮಾತೂ ಒಂದಿದೆ. ಮದ್ರಾಸ್ ರೆಜಿಮೆಂಟ್ ಆಗಲಿ, ಬೆಳಗಾವಿಯ ಮರಾಠಾ ಲಘು ಪದಾತಿ ದಳ ಆಗಲಿ, ಬೆಂಗಳೂರಿನ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಆಗಲಿ, ಎಲ್ಲೆಡೆ ಕಲಿಸುವುದು ಹಿಂದಿಯಲ್ಲಿ. ನಮ್ಮ ಹುಡುಗರಿಗೆ ದಖನಿ ಕಿವಿಗೆ ಬಿದ್ದೇ ಇರುತ್ತದೆ, ಮೈಸೂರು ಕಡೆಯವರಿಗಿಂತ ಬೇಗ ಹಿಡಿಯುತ್ತಾರೆ. ಆದೇಶದ ನಲವತ್ತು ಐವತ್ತು ಮಾತು ಹಿಂದಿಯಲ್ಲೇ ಕೊಟ್ಟು ರೂಢಿ ಮಾಡಿಸಿ.

ತೊಗರಿ ಹೊಲ

ಅಗ್ನಿವೀರದ ಮಾತು ಯಾರೂ ಎತ್ತಿಲ್ಲ. ನಾಲ್ಕು ವರ್ಷ ಆದ ಮ್ಯಾಲ ಹೆಚ್ಚಂದ್ರ 25 ಪ್ರತಿಶತ ಮಂದಿಗೆ ಕಾಯಂ. ಪಕ್ಕದ ಹಾಸಿಗಿಯವನೇ ಪೈಪೋಟಿಗೆ ನಿಂತಾಗ ಅಂವಗ ಮ್ಯಾಪ್ ಓದೋದು ಯಾಕ ಕಲಸ್ಬೇಕು ಅನ್ನೋ ವಿಚಾರ ಹುಡುಗನ ತಲಿಗೆ ಬರೋದೇ.

ಸುರಪುರ ಗುಡ್ಡ

ಬರುತ್ತದೆ, ಅದನ್ನು ಮುಚ್ಚಿಡಬಾರದು. ನಮ್ಮ ರೆಜಿಮೆಂಟ್ ಪದ್ಧತಿಯ ಗಟ್ಟಿತನವೇ ಜವಾನ ಬಹುಪಾಲು ಸೇವೆಯನ್ನು ಒಂದೇ ಪಲ್ಟನ್‌ನಲ್ಲಿ ಕಳೆಯುವುದು. ಅಮೆರಿಕ ವಿಯೆಟ್ನಾಂನಲ್ಲಿ ಒಬ್ಬೊಬ್ಬನನ್ನೇ ಹನ್ನೆರಡು ತಿಂಗಳ ಲೆಕ್ಕದಲ್ಲಿ ಕಳಿಸಿ ಕರೆಸಿಕೊಂಡಿತು, ತುಕಡಿಯಲ್ಲಿ ಸದಾ ಯಾರೋ ಹೊಸಬ, ಯಾರೋ ಊರಿನ ದಿನ ಎಣಿಸುವವ. ಅದರಿಂದ ಒಗ್ಗಟ್ಟು ಸಡಿಲಾಯಿತೆಂದು ಅವರೇ ಆಮೇಲೆ ಬಹಳ ಬರೆದರು.

ಸೆಕ್ಷನ್ ಕಮಾಂಡರ್ ಕೈಯಲ್ಲಿ ಇರುವುದು ಇಷ್ಟು: ಜೋಡಿಯ ಅಂಕ ಜೋಡಿಗೇ ಕೊಡುವುದು. ನಿಮ್ಮ ಬ್ಯಾಚಿನಲ್ಲೂ 1.6 ಕಿ.ಮೀ. ಓಟದಲ್ಲಿ ಜೋಡಿಯ ಹಿಂದಿನವನ ಸಮಯವನ್ನೇ ಇಬ್ಬರಿಗೂ ಬರೆಯಿರಿ. ಮುಂದಿನವನು ತಾನಾಗಿ ಹಿಂದಿನವನ ಉಸಿರಾಟ, ಹೆಜ್ಜೆ ತಿದ್ದಲು ಶುರು ಮಾಡುತ್ತಾನೆ. ಮೂರು ವಾರಕ್ಕೊಮ್ಮೆ ಮಾತ್ರ ಒಬ್ಬೊಬ್ಬನ ಸಮಯ ತೆಗೆದುಕೊಳ್ಳಿ, ಏಕೆಂದರೆ ರ‍್ಯಾಲಿಯಲ್ಲಿ ಅವನೊಬ್ಬನೇ ಓಡಬೇಕು.

ಇನ್ನು ರಜೆ. ಅಗ್ನಿವೀರನಿಗೆ ವರ್ಷಕ್ಕೆ 30 ದಿನ. ಅಷ್ಟು ಕಡಿಮೆ ಇರುವಾಗ ಯಾರಿಗೆ ಯಾವಾಗ ಎಂಬುದು ಗೋಡೆ ಮೇಲೆ ಎಲ್ಲರಿಗೂ ಕಾಣಬೇಕು. ನಾಗರಪಂಚಮಿಗೆ ಒಬ್ಬ, ರಮಜಾನಿಗೆ ಒಬ್ಬ, ತಂಗಿಯ ಮದುವೆಗೆ ಒಬ್ಬ ಎಂದು ಅವರವರೇ ಅದಲುಬದಲು ಮಾಡಿಕೊಳ್ಳುತ್ತಾರೆ. ಕಿವಿಯಲ್ಲಿ ಪಿಸುಗುಟ್ಟಿ ಕೊಟ್ಟ ಒಂದು ರಜೆ ಆರು ತಿಂಗಳ ಕೆಲಸ ಕೆಡಿಸುತ್ತದೆ.

ಬಿದ್ರಿ ಕೆಲಸ

ಒಂದೇ ಒಂದು ಅಭ್ಯಾಸ ಮಾಡಿಸಲು ಸಾಧ್ಯ ಎಂದಾದರೆ ಸ್ಟ್ರೆಚರ್ ಮಾಡಿಸಿ. 8 ಅಡಿಯ ಎರಡು ಗಟ್ಟಿ ಬಿದಿರು, ಒಂದು ಕಂಬಳಿ. ಕಂಬಳಿ ಹಾಸಿ, ಮೂರರಲ್ಲಿ ಒಂದು ಭಾಗಕ್ಕೆ ಮೊದಲ ಬಿದಿರು ಇಟ್ಟು, ಆ ಭಾಗ ಅದರ ಮೇಲೆ ಮಡಚಿ. ಮಡಚಿದ ಪದರದ ಮೇಲೆ, ಮೊದಲ ಬಿದಿರಿನಿಂದ ಮೊಳ ದೂರಕ್ಕೆ ಎರಡನೆಯದು. ಉಳಿದ ಕಂಬಳಿಯನ್ನು ಅದರ ಮೇಲಿಂದ ಮೊದಲ ಬಿದಿರಿನ ಕಡೆಗೆ ಮಡಚಿ. ಹೊಲಿಗೆ, ಹಗ್ಗ ಬೇಡ, ಮಲಗಿದವನ ಭಾರಕ್ಕೇ ಮಡಿಕೆ ಕಚ್ಚಿಕೊಳ್ಳುತ್ತದೆ. ಮೇಲೆ ಸಿಮೆಂಟ್ ಚೀಲದಲ್ಲಿ 30 ಕೆ.ಜಿ.ಯಂತೆ ಎರಡು ಮರಳು ಚೀಲ.

ಹತ್ತು ಜನರಲ್ಲಿ ನಾಲ್ವರು ಹೊರಲಿ, ನಾಲ್ವರು ಪಕ್ಕದಲ್ಲಿ ಬದಲಿಗೆ ನಡೆಯಲಿ, ಒಬ್ಬ ಮುಂದೆ ದಾರಿ ನೋಡಲಿ, ಒಬ್ಬ ಎಲ್ಲರ ನೀರು ಹೊತ್ತು "ರೋಗಿ"ಯ ತಲೆ ಕಡೆ ಇರಲಿ. 200 ಮೀಟರ್‌ಗೊಮ್ಮೆ ಬದಲಿ, ಸ್ಟ್ರೆಚರ್ ನೆಲ ಮುಟ್ಟಬಾರದು. ಮೊದಲ ವಾರ ಒಂದು ಕಿ.ಮೀ., ಆರನೇ ವಾರಕ್ಕೆ ಮೂರು. ಒಂದು ತುದಿ ಹಿಡಿದ ಇಬ್ಬರ ಎತ್ತರ ಸಮ ಇರಲಿ. ಇಲ್ಲದಿದ್ದರೆ ಹೆಗಲ ಮೇಲೆ ಹೊತ್ತಾಗ ಸ್ಟ್ರೆಚರ್ ಗಿಡ್ಡನ ಕಡೆಗೆ ವಾಲುತ್ತದೆ, ಭಾರವೂ ಅವನ ಕಡೆಗೇ ಸರಿಯುತ್ತದೆ.

200 ಮೀಟರ್ ಆಗುವ ಮೊದಲೇ ಕೈ ಸೋತವನು "ಬದಲಿ" ಎಂದು ಕೂಗಬೇಕು. ಈ ಅಭ್ಯಾಸದ ಜೀವಾಳ ಇಷ್ಟೇ. ಮೊದಲ ದಿನಗಳಲ್ಲಿ ಯಾರೂ ಕೂಗುವುದಿಲ್ಲ. ಹಲ್ಲು ಕಚ್ಚಿ ಹಿಡಿದು, ಬೆರಳು ಒಂದೊಂದೇ ಬಿಚ್ಚಿ, ಚೀಲ ದಪ್ಪನೆ ಬೀಳುತ್ತದೆ. ಆಗ ಬೈಯಬೇಡಿ. ಬಿದ್ದ ಜಾಗದಲ್ಲೇ ಎಲ್ಲರನ್ನೂ ನಿಲ್ಲಿಸಿ, ಅಲ್ಲಿ ಮಲಗಿದ್ದವನು ಮನುಷ್ಯನಾಗಿದ್ದರೆ ತಲೆ ಎಲ್ಲಿ ಬಡಿಯುತ್ತಿತ್ತು ಎಂದು ತೋರಿಸಿ. ಯಾರು ಹತ್ತು ಹೆಜ್ಜೆ ಮೊದಲೇ ಕೂಗುತ್ತಾನೋ ಅವನ ಹೆಸರು ಆವತ್ತಿನ ಡಿಬ್ರೀಫ್‌ನಲ್ಲಿ ಮೊದಲು ಹೇಳಿ. ಪಕ್ಕದವನ ತೋಳಲ್ಲಿ ಎಷ್ಟು ಶಕ್ತಿ ಇದೆ ಎಂದು ತಿಳಿದಿದ್ದರೆ ಸಾಲದು, ಅದು ಮುಗಿಯುವ ಮುಂಚೆ ಅವನು ಹೇಳುತ್ತಾನೆ ಎಂಬ ಖಾತ್ರಿ ಬೇಕು. ಪಹರೆ, ಎತ್ತರ, ಬಿಸಿಲು, ಮೇಲೆ ಬಂದದ್ದೆಲ್ಲ ಇದರ ಮೇಲೇ ನಿಂತಿದೆ.

ಆಳಂದ ನಾಕಾ

ಭಾಳ ಉಪಕಾರ್ರಿ. ಸೋಮವಾರದಿಂದ ಹಿಂಗ ಶುರು ಮಾಡ್ತೀವಿ: ತಾಲ್ಲೂಕು ಕಲಸಿ ಹತ್ತು ಜೋಡಿ, ಐದು ನಿಮಿಷ ತಪಾಸಣೆ, ಜೋಡಿ ಓಟ, ವಾರಕ್ಕ ಎರಡು ದಿನ ಸ್ಟ್ರೆಚರ್, ಶನಿವಾರ ರಾತ್ರಿ ಪಹರೆ, ಐತವಾರ ಬುತ್ತಿ. ದಿನಾ ಕೊನಿಗೆ ನಾಲ್ಕು ಪ್ರಶ್ನೆ. ಸ್ಟ್ರೆಚರ್‌ಗೆ ಮೊದಲ ದಿನವೇ 60 ಕೆ.ಜಿ. ಹಾಕಬಹುದೇನ್ರಿ?

ತೊಗರಿ ಹೊಲ

ಬ್ಯಾಡ್ರಿ. ಮೊದಲ ವಾರ 40 ಸಾಕು. ಚೀಲದ ಬಾಯಿ ಎರಡು ಸಲ ಕಟ್ರಿ, ಮರಳು ಸೋರಿ ಒಂದು ಕಡೆ ಜಗ್ಗಿದ್ರ ಬಿದಿರು ತಿರುಗ್ತದ. ಬಿದಿರಿನ ಗಂಟು ಉಪ್ಪುಕಾಗದದಿಂದ ತಿಕ್ಕಿ ನುಣ್ಣಗ ಮಾಡ್ರಿ, ಇಲ್ಲಂದ್ರ ಎರಡನೇ ದಿನಕ್ಕ ಹೆಗಲು ಸುಲಿತದ. ಹಸಿ ಬಿದಿರು ತಗೋಬ್ಯಾಡ್ರಿ, ನಡುವ ಬಗ್ತದ. ಮತ್ತ ಆ ಪಹರೆ ವಹಿ ಉಸ್ತಾದನ ಕಡೆ ಅಲ್ಲ, ಹುಡುಗರ ಕಡೆನೇ ಇರ್ಲಿ.